ಹೆಗಡೇರ ದೋಣಿಯ ಫ್ರಿಜ್ಜು

ಯಲ್ಲಾಪುರದ ಹಿನ್ನೀರಿನಲ್ಲಿದ್ದ ಹೆಗಡೇರ ಮೋಟಾರು ದೋಣಿಗೆ ಸಣ್ಣ ಫ್ರಿಜ್ಜು ಜೋಡಿಸಿದವನು ನಾನೇ. ಅದಕ್ಕೆ ಬೇರೆ ಬ್ಯಾಟರಿ ಬೇಕೆಂದು ಗೊತ್ತಿದ್ದೂ, ಸೋಮಾರಿತನಕ್ಕೆ ಇಂಜಿನ್ನಿನ ಹಳೇ ಬ್ಯಾಟರಿಗೇ ತಂತಿ ಎಳೆದಿದ್ದೆ.

ಪರೀಕ್ಷೆಗೆಂದು ಇಬ್ಬರೂ ಹೊರಟೆವು. ನಡುನೀರಿನಲ್ಲಿ ಇಂಜಿನ್ ನಿಲ್ಲಿಸಿ ಮಧ್ಯಾಹ್ನದವರೆಗೆ ಹಕ್ಕಿ ನೋಡಿದೆವು. ಆಮೇಲೆ ಕೀಲಿ ತಿರುಗಿಸಿದರೆ ಬರೀ ಟಕ್ ಅಂತು. ಗಾಳಿ ನಮ್ಮನ್ನು ಮುಳುಗಿದ ಮರಗಳ ಬೊಡ್ಡೆಗಳತ್ತ ತಳ್ಳುತ್ತಿತ್ತು. ನನಗೆ ಈಜು ಬಾರದು.

"ಎಂತಾತು ತಮಾ?"

"ಫ್ರಿಜ್ಜು ಬ್ಯಾಟರಿ ತಿಂದುಬಿಟ್ಟಿದ್ದು. ತಂತಿ ಕೀಳ್ತೆ. ಊಟ ಹಾಳಾದ್ರೆ ತಪ್ಪು ನಂದೇ."

"ಊಟ ಅದ್ರಲ್ಲಿ ಇಲ್ಲೆ" ಎಂದ ಹೆಗಡೇರು ಪಕ್ಕದ ಹಗ್ಗ ಎಳೆದು, ನೀರೊಳಗೆ ಇಳಿಬಿಟ್ಟಿದ್ದ ಮೊಸರಿನ ಡಬ್ಬಿ ತೋರಿಸಿದರು.

ಫ್ರಿಜ್ಜು ತೆರೆದೆ. ಬಾಳೆಎಲೆಯಲ್ಲಿ ಸುತ್ತಿದ ಒಂದು ಕಟ್ಟು ವೀಳ್ಯದೆಲೆ, ಅಷ್ಟೇ.

"ಮೊಸರು ಹುಳಿಯಾದ್ರೂ ಉಣ್ಲಕ್ಕು. ಎಲೆ ಬಾಡಿದ್ರೆ ಕಷ್ಟ."

ಮೀನು ಹಿಡಿಯುವವರ ದೋಣಿ ಬಂದು ನಮ್ಮನ್ನು ಎಳೆದೊಯ್ಯುವವರೆಗೆ ನಾನು ಹುಟ್ಟು ಹಿಡಿದು ಬೊಡ್ಡೆಗಳಿಂದ ದೋಣಿಯನ್ನು ದೂಡುತ್ತಲೇ ಇದ್ದೆ. ಹೆಗಡೇರು ನೆಮ್ಮದಿಯಾಗಿ ಎಲೆ-ಅಡಿಕೆಯ ಕವಳ ಹಾಕುತ್ತಿದ್ದರು. ಕೊನೆಗೆ ನನಗೂ ಒಂದು ಕಟ್ಟಿಕೊಟ್ಟರು. ನನ್ನ ಕೆಲಸ ಪೂರ್ತಿ ಕೆಟ್ಟಿತ್ತು ಅನ್ನುವ ಹಾಗಿಲ್ಲ. ಎಲೆ ಮಾತ್ರ ಆಗಷ್ಟೇ ಕೊಯ್ದ ಹಾಗಿತ್ತು.