ಲಾಭ, ಎರಡು, ಮೂರು

"ಲಾಭಾ... ಎರಡಾ... ಮೂರಾ..." ಮಂಡಿಪೇಟೆಯ ನಮ್ಮ ಅಂಗಡಿಯ ಮುಂದೆ ಚೀಲ ಇಳಿಸುವಾಗ ಹಮಾಲರು ಎಳೆದು ಹೇಳುತ್ತಿದ್ದ ಎಣಿಕೆ ಈಗಲೂ ಕಿವಿಯಲ್ಲಿದೆ. ಅಲ್ಲಿ ಒಂದು ಎನ್ನುವುದಿಲ್ಲ. ಶುಭವಾಗಲೆಂದು ಮೊದಲನೆಯದು ಯಾವಾಗಲೂ ಲಾಭ. ಕಾನ್ವೆಂಟಿನಲ್ಲಿ ಒನ್, ಟೂ, ಥ್ರೀ ಕಲಿತು, ಮದುವೆಯಾದ ಮೇಲೂ ಅಂಗಡಿಯ ಮೆಟ್ಟಿಲು ಹತ್ತದ ನನಗೆ ಇದು ಗೊತ್ತಿರಲಿಲ್ಲ. ನಗಬೇಡಿ. ನಗುವವರು ಆಗಲೇ ನಕ್ಕು ಮುಗಿಸಿದ್ದಾರೆ.

ಯಜಮಾನರು ತೀರಿಕೊಂಡ ವರ್ಷ ನನಗೆ ಅರವತ್ತೆರಡು. ಮೈದುನ ಬಂದು ಹೇಳಿದ: "ಅತ್ತಿಗೆ, ನಿಮಗೆ ಇಂಗ್ಲಿಷ್ ಬರ್ತೈತೆ, ಲೆಕ್ಕ ಬರಲ್ಲ. ಅಂಗಡಿ ನನಗೆ ಬಿಡ್ರಿ." ದೀಪಾವಳಿಗೆ ಹೊಸ ಪುಸ್ತಕವನ್ನು ಪೂಜೆಗೆ ಇಡುವಷ್ಟರಲ್ಲಿ ಹಳೆಯದರ ಲೆಕ್ಕ ನಾನೇ ತಾಳೆ ಮಾಡಿ ತೋರಿಸುತ್ತೇನೆ, ಆಗದಿದ್ದರೆ ಬೀಗದ ಕೈ ನಿನ್ನದು ಎಂದುಬಿಟ್ಟೆ. ಪ್ರೆಸ್ಟೀಜ್, ಇನ್ನೇನು.

ಕಲಿಸಿದವರು ಗುಮಾಸ್ತ ಹಾಲಪ್ಪನವರು. ಹರಿಹರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ನನ್ನ ಮೊದಲ ತೊಡಕು ಡೆಬಿಟ್. ನಮ್ಮ ಕಾನ್ವೆಂಟಿನ ಸಿಸ್ಟರ್ ಜಾಣ ಹುಡುಗಿಯರನ್ನು "ಎ ಕ್ರೆಡಿಟ್ ಟು ದ ಸ್ಕೂಲ್" ಎನ್ನುತ್ತಿದ್ದರು. ಹಾಗಾಗಿ ಕ್ರೆಡಿಟ್ ಎಂದರೆ ಹೊಗಳಿಕೆ, ಡೆಬಿಟ್ ಎಂದರೆ ಬೆಂಚಿನ ಮೇಲೆ ನಿಲ್ಲಿಸುವುದು ಎಂದೇ ನನ್ನ ಭಾವನೆ. ದುಡ್ಡು ಒಳಗೆ ಬಂದರೆ ಕ್ಯಾಶ್ ಖಾತೆಗೆ ಡೆಬಿಟ್ ಎಂದಾಗ ಜಗಳಕ್ಕೇ ನಿಂತೆ. ನಾವು ದುಡ್ಡು ಕಟ್ಟಿದರೆ ಬ್ಯಾಂಕಿನವರು ಕ್ರೆಡಿಟ್ ಎನ್ನುತ್ತಾರಲ್ಲ!

"ಅದು ಅವರ ಪುಸ್ತಕ ಅಮ್ಮಾರೆ. ಅವರ ಕಣ್ಣಾಗೆ ನಾವು ಕೊಟ್ಟೋರು. ಯಾರ ಪುಸ್ತಕ ಅಂತ ಮೊದಲು ನೋಡ್ರಿ, ಆಮೇಲೆ ಬರೀರಿ."

ಇದನ್ನು ಮದುವೆಯಾದ ಹೊಸದರಲ್ಲೇ ಯಾರಾದರೂ ಹೇಳಿಕೊಟ್ಟಿದ್ದರೆ ನಮ್ಮ ಮನೆಯಲ್ಲಿ ಎಷ್ಟೋ ಜಗಳ ತಪ್ಪುತ್ತಿತ್ತು.

ಇಷ್ಟು ಕಲಿತ ಧೈರ್ಯದ ಮೇಲೆ ಒಂದು ದಿನ ನಾನೇ ಪೆನ್ನು ಹಿಡಿದು ಕುಳಿತೆ. ಸಾರಥಿ ಎಂಬ ಹಳ್ಳಿಯ ರೈತ ಬಸಣ್ಣ ಮೆಕ್ಕೆಜೋಳ ತಂದಿದ್ದ. ಹಮಾಲ "ಲಾಭಾ" ಎಂದ. ಮೊದಲ ಚೀಲ ವ್ಯಾಪಾರಿಗೆ ಪುಕ್ಕಟೆ ಸಿಗುವ ಪದ್ಧತಿ ಇರಬೇಕೆಂದು ಅದನ್ನು ಲಾಭದ ಖಾತೆಗೆ ಬರೆದೆ. ಎರಡರಿಂದ ಇಪ್ಪತ್ತರವರೆಗೆ ಖರೀದಿ: ಹತ್ತೊಂಬತ್ತು.

ಬಸಣ್ಣ ಚೀಟಿ ಹಿಡಿದು ಬಂದ. "ಯಾಕ್ರಿ ಅಮ್ಮಾರೆ, ಇಪ್ಪತ್ತು ಇಳಿಸೀನಿ, ಹತ್ತೊಂಬತ್ತು ಬರ್ದೀರಿ? ಒಂದು ಚೀಲ ಇಲಿ ಹೊತ್ಕೊಂಡು ಹೋತಾ?"

ಮೈದುನ ಅಲ್ಲೇ ಇದ್ದ. "ಕಾನ್ವೆಂಟ್ ಲೆಕ್ಕ ಐತೆ ಬಸಣ್ಣ. ಫಸ್ಟ್ ಚೀಲ ಡೊನೇಷನ್!"

ಇಡೀ ಅಂಗಡಿ ನಕ್ಕಿತು, ಹಾಲಪ್ಪನವರನ್ನು ಬಿಟ್ಟು. ಅವರು ಚೀಟಿ ತಿದ್ದಿ, ಬಸಣ್ಣನಿಗೆ ಚಹಾ ತರಿಸಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಲಾಭ ಅನ್ನೋದು ಬಾಯಾಗೆ ಮೊದಲು ಬರಬೇಕು ಅಮ್ಮಾರೆ, ಪುಸ್ತಕದಾಗೆ ಕೊನೆಗೆ."

ದೀಪಾವಳಿಗೆ ಎರಡೂ ಬದಿ ತಾಳೆಯಾದವು. ಮೈದುನ ಹಾಳೆ ತಿರುವಿದ, ಮತ್ತೆ ತಿರುವಿದ. ಬೀಗದ ಕೈ ಕೇಳದೆ ಮಂಡಕ್ಕಿ ತಿಂದು ಹೋದ.

ಹಾಲಪ್ಪನವರನ್ನು ಕೊನೆಯ ಸಲ ನೋಡಿದ್ದು ಹರಿಹರದ ಅವರ ಮನೆಯಲ್ಲಿ. ಬಿದ್ದು ಸೊಂಟ ಮುರಿದುಕೊಂಡಿದ್ದರು. ದಿನಾ ಹತ್ತು ಹೆಜ್ಜೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರಂತೆ. ನನ್ನೆದುರು ಗೋಡೆ ಹಿಡಿದು ಎದ್ದು ಒಂದು ಹೆಜ್ಜೆ ಇಟ್ಟು, "ಲಾಭಾ" ಎಂದರು. ನಾನು ಎರಡಕ್ಕೆ ಕಾದೆ. ಅವರು ಮಂಚದ ಮೇಲೆ ಕುಳಿತು ನಕ್ಕರು.

"ಇವತ್ತಿಗೆ ಇಷ್ಟೇ ಅಮ್ಮಾರೆ. ಪುಸ್ತಕದಾಗೆ ಬರಿಯೋದಾದ್ರೆ, ಒಂದು ಅಂತಲೇ ಬರೀರಿ."