ಇಸ್ತ್ರಿ ಕೋಣೆಯ ಬೋಧಕ

ಅವನು ಆ ಊರಿಗೆ ಬಂದಾಗ ಅವನಿಗೆ ಇಪ್ಪತ್ತಾರು ವರ್ಷ. ಅದು ಅವನ ಮೂರನೇ ದೇಶ. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಎರಡು ಅಂಗಿ, ಒಂದು ಬೈಬಲ್, ಹೊಸ ಭಾಷೆಯ ಮಾತುಗಳನ್ನು ಬರೆದುಕೊಂಡ ಒಂದು ನೋಟ್‌ಬುಕ್. ಸುವಾರ್ತೆ ಸಾರಲು ಮಿಷನ್ನಿನವರು ಕಳಿಸಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ತಿರುಗಿದ್ದ. ಎಲ್ಲೂ ಯಾರೂ ಅವನ ಮಾತಿಗೆ ಕಿವಿಗೊಟ್ಟಿರಲಿಲ್ಲ.

ಮೊದಲ ದೇಶ ಚಳಿಯದು. ಜನ ಒಳ್ಳೆಯವರು. ಬಾಗಿಲು ತೆಗೆದು, ಬಿಸಿಯಾಗಿ ಏನಾದರೂ ಕುಡಿಯಲು ಕೊಟ್ಟು, ಹೋಗಿ ಬನ್ನಿ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಎರಡನೇ ದೇಶದಲ್ಲಿ ಕಲ್ಲು ಕ್ವಾರಿಯ ಕೂಲಿಗಳು ಊಟದ ಬಿಡುವಿನಲ್ಲಿ ಅವನ ಸುತ್ತ ಕೂತರು. ಅವನು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದ. ರೋಗಿಗಳು, ಅನಾಥರು, ಹಡಗಿನಲ್ಲಿ ಹೋಗುವವರು, ದೇಶ ಆಳುವವರು, ಯಾರನ್ನೂ ಬಿಡಲಿಲ್ಲ. ಆಮೆನ್ ಅಂದು ಕಣ್ಣು ಬಿಟ್ಟರೆ ಎದುರಿಗೆ ಏಳು ಖಾಲಿ ಡಬ್ಬಗಳು. ಕೂತವರೆಲ್ಲ ಯಾವಾಗಲೋ ಎದ್ದು ಕೆಲಸಕ್ಕೆ ಹೋಗಿದ್ದರು. ಅಲ್ಲಿ ಅವನಿಗೆ ‘ಇನ್ನೂ ಇದೆ’ ಅಂತ ಹೆಸರು ಬಿತ್ತು. ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಶುರು ಮಾಡುತ್ತಿದ್ದನಲ್ಲ, ಅದಕ್ಕೆ. ಇದನ್ನೆಲ್ಲ ಅವನೇ ಆಮೇಲೆ ನಗುನಗುತ್ತ ಮೂರನೇ ದೇಶದ ಹುಡುಗಿಯೊಬ್ಬಳಿಗೆ ಹೇಳಿದ್ದು. ಆಗ ಮಾತ್ರ ಅವನಿಗೆ ನಗು ಬಂದಿರಲಿಲ್ಲ. ಮಿಷನ್ನಿನವರು ಕಾಗದ ಬರೆದಿದ್ದರು. ಮೂರನೇ ದೇಶದಲ್ಲೂ ಸಭೆ ಕೂಡದಿದ್ದರೆ ವಾಪಸು ಬಂದುಬಿಡು, ಈ ಕೆಲಸ ನಿನಗಲ್ಲ ಎಂದು. ಹಿರಿಯ ಬೋಧಕರು ಬಂದು ನೋಡಿ ತೀರ್ಮಾನ ಮಾಡುವವರಿದ್ದರು.

ಆ ಹುಡುಗಿ ಅವನು ಬಂದಿಳಿದ ಊರಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಂದೆ ತಾಯಿ ಇರಲಿಲ್ಲ. ಆ ಕೆಲಸವೊಂದೇ ಅವಳಿಗೆ ಗಟ್ಟಿ ನೆಲ. ಕೋಣೆ ಉದ್ದಕ್ಕಿತ್ತು. ಒಂದು ಕಡೆ ಒಗೆಯುವ ತೊಟ್ಟಿಗಳು, ಇನ್ನೊಂದು ಕಡೆ ಕಂಬಳಿ ಹಾಸಿದ ಮೂರು ಮೇಜು, ಮೂಲೆಯಲ್ಲಿ ಕೆಂಡದ ಒಲೆ. ಗೋಡೆಗಳು ಯಾವಾಗಲೂ ಬೆವರುತ್ತಿದ್ದವು. ಒಗೆಯುವವರಲ್ಲಿ ಹಿರಿಯಳನ್ನು ಎಲ್ಲರೂ ಸೋಪತ್ತೆ ಅನ್ನುತ್ತಿದ್ದರು. ಅವಳ ಬಾಯಿಗೆ ಯಜಮಾನಿಯೇ ಹೆದರುತ್ತಿದ್ದಳು.

ಅವನು ಬಾಡಿಗೆಗೆ ಹಿಡಿದ ಹಾಲ್ ಲಾಂಡ್ರಿಯ ಎದುರಿಗೇ ಇತ್ತು. ಇಪ್ಪತ್ತು ಬೆಂಚು ಹಾಕಿಸಿದ್ದ. ಒಂದರಲ್ಲೂ ಯಾರೂ ಕೂರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅವನೇ ಲಾಂಡ್ರಿಗೆ ಬಂದ.

“ನಿಮಗೆಲ್ಲ ಒಂದು ಪ್ರಾರ್ಥನೆ ಮಾಡ್ಲಾ?” ಅಂದ. ಭಾಷೆ ಮಕ್ಕಳು ಮಾತಾಡಿದ ಹಾಗೆ ಬರುತ್ತಿತ್ತು.

“ಮಾಡಪ್ಪಾ, ಯಾರು ಬೇಡ ಅಂದ್ರು” ಅಂದಳು ಸೋಪತ್ತೆ, ಕೈ ಬಿಡದೆ ಬಟ್ಟೆ ಉಜ್ಜುತ್ತ. “ಮಾಡ್ತಾ ದಾರಿಗೆ ಮಾತ್ರ ಅಡ್ಡ ನಿಲ್ಲಬೇಡ.”

ಅವನು ಕಣ್ಣು ಮುಚ್ಚಿದ. ಒಗೆಯುವವರು ಒಗೆಯುತ್ತಲೇ ಇದ್ದರು. ಇಸ್ತ್ರಿ ಮೇಜಿನ ಹುಡುಗಿ ಮಾತ್ರ ಕಣ್ಣು ಮುಚ್ಚಿದಳು. ದೇವರ ಜೊತೆ ಮಾತಾಡುವವರನ್ನು ಕಣ್ಣು ಬಿಟ್ಟು ನೋಡಬಾರದು ಎಂದು ತಾಯಿ ಹೇಳಿಕೊಟ್ಟಿದ್ದಳು. ಒಂದು ಗಳಿಗೆ ತಾನೇ ಅಂದುಕೊಂಡಳು. ಅವನ ಪ್ರಾರ್ಥನೆ ಅವಳಿಗೇನು ಗೊತ್ತು. ಅವನು ರೋಗಿಗಳನ್ನು ಮುಗಿಸಿ ಅನಾಥರಿಗೆ ಬಂದ. ಅನಾಥರು ಅಂದಾಗ ಅವಳಿಗೆ ತಾಯಿ ನೆನಪಾದಳು. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆಯೇ ಇದೆ ಅನ್ನುವುದು ಮರೆತೇಹೋಯಿತು. ಅವನು ಹಡಗಿನವರ ಹತ್ತಿರ ಬರುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಗಾಬರಿಯಲ್ಲಿ ಹಿಡಿ ಬಿಟ್ಟು ಪೆಟ್ಟಿಗೆಯ ಪಕ್ಕಕ್ಕೇ ಕೈ ಹಾಕಿ ಎತ್ತಿದಳು. ಬಲಗೈ ಅಂಗೈ ಬೆಂದಿತು. ಅವಳು ಕಿರುಚಿದ ಮೇಲೆ ಅವನು ಕಣ್ಣು ಬಿಟ್ಟ.

ಸುಟ್ಟದ್ದು ಬ್ಯಾಂಡಿನವರ ಬಿಳಿ ಕೋಟು. ಅವತ್ತೇ ಸಂಜೆ ಅವರಿಗೆ ಬಾರಿಸುವುದಿತ್ತು. ಬೆನ್ನಿನ ನಟ್ಟನಡುವೆ ಪೆಟ್ಟಿಗೆಯ ಅಚ್ಚು ಕಂದಾಗಿ ಕೂತಿತ್ತು. ದೊಡ್ಡ ಡೋಲಿನವನು ಒಳ್ಳೆಯವನು. “ನಾನು ಹೇಗಿದ್ರೂ ಗೋಡೆಗೆ ಬೆನ್ನು ಕೊಟ್ಟು ನಿಲ್ಲೋನು, ಅದನ್ನ ನಂಗೆ ಕೊಡಿ” ಎಂದು ಹಾಕಿಕೊಂಡು ಹೋದ. ಕೋಟಿನ ಕತೆ ಅಲ್ಲಿಗೆ ಮುಗಿಯಿತು. ಕೈಯ ಕತೆ ಮುಗಿಯಲಿಲ್ಲ.

“ಮೂರು ನಾಲ್ಕು ವಾರ ಈ ಕೈಗೆ ಕೆಲಸ ಇಲ್ಲ” ಅಂದ ಡಾಕ್ಟರು.

“ನಾಲ್ಕು ವಾರ ಮೇಜು ಖಾಲಿ ಇಡೋಕಾಗುತ್ತಾ? ಬೇರೆಯವರನ್ನ ಹಾಕ್ಕೋತೀನಿ. ನನ್ನನ್ನ ಬೈಕೋಬೇಡ” ಅಂದಳು ಯಜಮಾನಿ.

ಅವಳು ಬಟ್ಟೆ ಸುತ್ತಿದ ಕೈ ಮಡಿಲಲ್ಲಿಟ್ಟುಕೊಂಡು ಬುಟ್ಟಿಯ ಮೇಲೆ ಕೂತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಅವನು. ಮುಖ ಬಿಳುಚಿಕೊಂಡಿತ್ತು.

“ಬೇರೆಯವರು ಬೇಡಮ್ಮ. ನಾನು ಮಾಡ್ತೀನಿ. ಇವರ ಕೈ ವಾಸಿ ಆಗೋವರೆಗೆ. ಸಂಬಳ ಇವರಿಗೇ ಕೊಡಿ.”

“ನಿಂಗೆ ಇಸ್ತ್ರಿ ಬರುತ್ತಾ?”

“ಇಲ್ಲ.”

“ಮತ್ತೆ?”

“ಇವರು ಹೇಳಿಕೊಡ್ತಾರೆ. ಬಾಯಿ ಸುಟ್ಟಿಲ್ಲವಲ್ಲ.”

ಸೋಪತ್ತೆ ತೊಟ್ಟಿಯ ಹತ್ತಿರದಿಂದಲೇ ಗೊಳ್ಳೆಂದು ನಕ್ಕಳು. “ಹಾಕ್ಕೊಳ್ಳಿ ಯಜಮಾನಿ. ಇಲ್ಲಾಂದ್ರೆ ಇವನು ಇಲ್ಲೇ ನಿಂತು ಪ್ರಾರ್ಥನೆ ಶುರು ಮಾಡ್ತಾನೆ.” ಯಜಮಾನಿ ತಕ್ಷಣ ಒಪ್ಪಿದಳು.

ಹಿರಿಯ ಬೋಧಕರು ಬರಲು ಆಗ ಮೂರೇ ವಾರ ಇತ್ತು. ಆ ಮೂರು ವಾರ ಮನೆಮನೆ ಅಲೆದು ನಾಲ್ಕು ಜನರನ್ನಾದರೂ ಬೆಂಚಿನ ಮೇಲೆ ಕೂರಿಸಬೇಕಿತ್ತು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹಾಲ್‌ಗೆ ಬೀಗ ಹಾಕಿ ಬಂದ.

ಅವಳು ಬುಟ್ಟಿಯ ಮೇಲೆ ಕೂತು ಹೇಳಿಕೊಟ್ಟಳು.

“ಮೊದಲು ಕಾಲರ್. ಆಮೇಲೆ ಹೆಗಲು. ಆಮೇಲೆ ತೋಳು. ಮೈ ಕೊನೆಗೆ.”

“ಮೈ ದೊಡ್ಡದಲ್ವಾ? ಅದನ್ನ ಮೊದಲು ಮುಗಿಸಿಬಿಟ್ರೆ?”

“ಮುಗಿಸಿ ನೋಡಿ. ಕಾಲರ್ ಮಾಡೋವಾಗ ಅದು ಮತ್ತೆ ಮುದುಡುತ್ತೆ. ಚಿಕ್ಕದು ಮೊದಲು.”

ಅವನು ಎಡವಿ ಎಡವಿ ಕಲಿತ. ನೀರು ಚಿಮುಕಿಸು ಅಂದರೆ ಸುರಿಯುತ್ತಿದ್ದ. ಒಂದು ಪ್ಯಾಂಟಿಗೆ ಮೂರು ಗೆರೆ ಬಂತು. “ಮೂರು ಕಾಲಿನೋರು ಯಾರಾದ್ರೂ ಬಂದ್ರೆ ಕೊಡೋಣ ಬಿಡು” ಅಂದಳು ಸೋಪತ್ತೆ. ಅವನ ಕಿವಿ ಕೆಂಪಾದವು. ಕೋಪ ಮಾತ್ರ ಬರಲಿಲ್ಲ. ಕೋಪ ಬಾರದ ಗಂಡಸನ್ನು ಬುಟ್ಟಿಯ ಮೇಲೆ ಕೂತವಳು ಅಲ್ಲಿಯವರೆಗೆ ನೋಡಿರಲಿಲ್ಲ.

ಪ್ರಾರ್ಥನೆಯನ್ನು ಅವನು ಬಿಡಲಿಲ್ಲ. ಆದರೆ ಕೈಯಲ್ಲಿ ಕೆಂಡದ ಪೆಟ್ಟಿಗೆ ಹಿಡಿದು ಕಣ್ಣು ಮುಚ್ಚುವ ಹಾಗಿಲ್ಲ. ಉದ್ದ ಎಳೆಯುವ ಹಾಗೂ ಇಲ್ಲ. ಕಣ್ಣು ಬಿಟ್ಟುಕೊಂಡೇ, ಬಟ್ಟೆ ನೋಡುತ್ತ, ಬಾಯಲ್ಲಿ ಹೇಳಿಕೊಳ್ಳುತ್ತಿದ್ದ. “ಕರ್ತನೇ, ಈ ತೋಳೊಂದು ಸರಿ ಬರಲಿ.” ಹೆಂಗಸರಿಗೆ ನಗುವೋ ನಗು.

ಎರಡನೇ ವಾರ ಸೋಪತ್ತೆ ತೊಟ್ಟಿ ಬಿಟ್ಟು ಅವನ ಮೇಜಿನ ಹತ್ತಿರ ಬಂದಳು. ಸೆರಗಿನಲ್ಲಿ ಕೈ ಒರೆಸಿದಳು, ಮತ್ತೆ ಒರೆಸಿದಳು.

“ನನ್ನ ಮಗಳಿಗೆ ಹೆರಿಗೆ ಹತ್ತಿರ ಬಂದಿದೆ. ಮೊದಲಿನದು ಉಳೀಲಿಲ್ಲ. ಅವಳಿಗೂ ಒಂದು ಮಾತು ಹೇಳು. ಉದ್ದ ಬೇಡ.”

ಅವನು ಪೆಟ್ಟಿಗೆ ಪಕ್ಕಕ್ಕಿಟ್ಟ. ಕಣ್ಣು ಮುಚ್ಚಲು ಹೊರಟವನು ಹಾಗೇ ನಿಂತ. ಸೋಪತ್ತೆಯ ಮುಖ ನೋಡುತ್ತ ಅಂದ: “ಕರ್ತನೇ, ಈ ತಾಯಿ ಹೆದರಿದ್ದಾಳೆ. ಮಗಳನ್ನೂ ಮಗುವನ್ನೂ ಕಾಯಿ.” ಅಷ್ಟೇ.

ಸೋಪತ್ತೆ ಅತ್ತಳು. ಅವಳು ಅತ್ತದ್ದನ್ನು ಆ ಕೋಣೆಯಲ್ಲಿ ಯಾರೂ ಕಂಡಿರಲಿಲ್ಲ. ಆಮೇಲೆ ಅವನು ಬುಟ್ಟಿಯ ಮೇಲೆ ಕೂತವಳ ಹತ್ತಿರ ಬಂದು ಮೆಲ್ಲಗೆ ಅಂದ: “ನಾಲ್ಕು ವರ್ಷದಿಂದ ಪ್ರಾರ್ಥನೆ ಮಾಡ್ತಿದ್ದೀನಿ. ಯಾರಿಗೆ ಮಾಡ್ತಿದ್ದೀನಿ ಅಂತ ಮುಖ ನೋಡಿದ್ದು ಇವತ್ತೇ.”

ಮಾರನೇ ದಿನದಿಂದ ಒಬ್ಬೊಬ್ಬರೇ ಮೇಜಿನ ಹತ್ತಿರ ಬಂದರು. ಒಬ್ಬಳಿಗೆ ಗಂಡನ ಕುಡಿತ. ಒಬ್ಬಳಿಗೆ ಬೆನ್ನುನೋವು. ಡೋಲಿನವನು ಕೋಟು ಕೊಡುವ ನೆಪದಲ್ಲಿ ಬಂದು ತನ್ನ ತಮ್ಮನ ಸುದ್ದಿ ಹೇಳಿ ಹೋದ. ಯಾರೂ ಹಾಲ್‌ಗೆ ಹೋಗುತ್ತೇನೆ ಅನ್ನಲಿಲ್ಲ. ಅವನೂ ಬನ್ನಿ ಅನ್ನಲಿಲ್ಲ.

ಹೇಳಿದ ದಿನಕ್ಕೆ ಸರಿಯಾಗಿ ಹಿರಿಯ ಬೋಧಕರು ಬಂದರು. ದಪ್ಪ ಮನುಷ್ಯ. ರೈಲಿನಲ್ಲಿ ಎರಡು ದಿನ ಕೂತು ಕೋಟು ಮುದ್ದೆಯಾಗಿತ್ತು. ಬೀಗ ಹಾಕಿದ ಹಾಲ್ ನೋಡಿ, ಯಾರನ್ನೋ ಕೇಳಿಕೊಂಡು ಲಾಂಡ್ರಿಗೆ ಬಂದರು. ಅವನು ತೋಳು ಮಡಿಸಿಕೊಂಡು ಹಾಸಿಗೆ ಚಾದರ ಉಜ್ಜುತ್ತಿದ್ದ.

“ಸಭೆ ಎಲ್ಲಿ?” ಅಂದರು.

“ಸಭೆ ಕೂಡಲಿಲ್ಲ ಅಯ್ಯನವರೇ.”

“ಒಬ್ಬರೂ ಇಲ್ವಾ?”

“ಇಲ್ಲ. ಮೂರು ವಾರದಿಂದ ಇಸ್ತ್ರಿ ಮಾಡ್ತಿದ್ದೀನಿ.” ಕೈ ಯಾಕೆ ಸುಟ್ಟಿತು ಅನ್ನುವುದನ್ನೂ ಮುಚ್ಚುಮರೆ ಇಲ್ಲದೆ ಹೇಳಿದ. ಒಂದು ಸುಳ್ಳು ಹೇಳಿದ್ದರೆ ಉಳಿದುಕೊಳ್ಳುತ್ತಿದ್ದ. ಅವಳಿಗೆ ಸಿಟ್ಟೇ ಬಂತು. ಹೇಳಬಾರದಿತ್ತಾ, ನಾವೆಲ್ಲ ನಿನ್ನ ಸಭೆ ಅಂತ.

ಸೋಪತ್ತೆ ಸೊಂಟಕ್ಕೆ ಕೈ ಕೊಟ್ಟು ಬಂದು ನಿಂತಳು. “ಇವನ ಮೇಸ್ತ್ರಿ ನೀವೇನಾ?”

“ಹೌದು ಅನ್ನಿ.”

“ಇವನನ್ನ ಕರ್ಕೊಂಡು ಹೋಗೋ ಹಾಗಿಲ್ಲ. ನನ್ನ ಮಗಳಿಗೆ ಮೊನ್ನೆ ಹೆರಿಗೆ ಆಯ್ತು. ಇಬ್ರೂ ಚೆನ್ನಾಗಿದಾರೆ. ಮಗು ನೋಡೋಕೆ ಬರ್ತೀನಿ ಅಂದಿದಾನೆ. ಅಲ್ಲದೆ ಇವನಿಗೆ ಕಾಲರ್ ಇನ್ನೂ ಬಂದಿಲ್ಲ. ಅರ್ಧ ಕಲಿತವನನ್ನ ಹೊರಗೆ ಬಿಟ್ರೆ ನಮ್ಮ ಮರ್ಯಾದೆ ಏನಾಗಬೇಕು?”

ಹಿರಿಯರು ನಗಲಿಲ್ಲ. ಕೋಣೆಯ ಉದ್ದಕ್ಕೂ ನೋಡಿದರು. ಎಲ್ಲ ಹೆಂಗಸರೂ ಕೈ ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು. ಹಿರಿಯರು ತಮ್ಮ ಕೋಟು ಬಿಚ್ಚಿ ಮೇಜಿನ ಮೇಲೆ ಹಾಕಿದರು.

“ಮಾಡು, ನೋಡೋಣ.”

ಅವನು ಪೆಟ್ಟಿಗೆ ಕೈಗೆತ್ತಿಕೊಂಡ. ಅವಳು ಬುಟ್ಟಿಯಿಂದ ಎದ್ದು ಪಕ್ಕಕ್ಕೆ ಬಂದು ನಿಂತಳು. “ಮೊದಲು ಕಾಲರ್” ಅಂದಳು ಪಿಸುಮಾತಲ್ಲಿ. ಕಾಲರ್, ಹೆಗಲು, ತೋಳು, ಮೈ. ಹಿರಿಯರು ಕೋಟು ತೊಟ್ಟು, ಕುತ್ತಿಗೆ ಆಚೆ ಈಚೆ ಆಡಿಸಿ ನೋಡಿದರು. ಎಡತೋಳಿನಲ್ಲಿ ಒಂದು ಸುಕ್ಕು ಉಳಿದಿತ್ತು.

“ಇನ್ನೊಂದು ವರ್ಷ ಇರು” ಅಂದರು. “ಹಾಲ್ ಬಾಗಿಲನ್ನೂ ಆಗಾಗ ತೆಗಿ. ಬೀಗಕ್ಕೆ ತುಕ್ಕು ಹಿಡಿದಿದೆ.”

ಅಷ್ಟು ಹೇಳಿ ಹೋದರು. ಅವನು ಮೇಜು ಹಿಡಿದುಕೊಂಡು ನಿಂತ. ಆಮೇಲೆ ಅವಳ ಬಟ್ಟೆ ಸುತ್ತಿದ ಕೈ ನೋಡಿ, “ಕರ್ತನೇ, ಸ್ತೋತ್ರ” ಅಂದ. ಕಣ್ಣು ಬಿಟ್ಟುಕೊಂಡೇ ಅಂದ.

ವರ್ಷ ತುಂಬುವ ಮೊದಲೇ ಇಬ್ಬರಿಗೂ ಮದುವೆಯಾಯಿತು. ಡೋಲಿನವನು ಬ್ಯಾಂಡಿನವರನ್ನೆಲ್ಲ ಕರೆತಂದ, ಸುಟ್ಟ ಕೋಟನ್ನೇ ಹಾಕಿಕೊಂಡು. ಆಮೇಲೆ ತಗಡಿನ ಪೆಟ್ಟಿಗೆಯಲ್ಲಿ ಅವಳ ಬಟ್ಟೆಗೂ ಜಾಗವಾಯಿತು. ನಾಲ್ಕನೇ ದೇಶಕ್ಕೆ ಹೋದರು, ಐದನೇ ದೇಶಕ್ಕೆ ಹೋದರು. ಆಸ್ಪತ್ರೆಯ ಬೆಂಚಿನಲ್ಲಿ, ಬಸ್ ಷೆಡ್ಡಿನಲ್ಲಿ, ಬ್ರೆಡ್ ಸುಡುವವರ ಬಾಗಿಲಲ್ಲಿ ಅವನು ಪ್ರಾರ್ಥನೆ ಮಾಡಿದ. ಎಲ್ಲ ಕಡೆ ಮೊದಲು ಕೇಳುತ್ತಿದ್ದ, “ಏನು ಹೇಳಲಿ?” ಎಂದು. ಆಮೇಲೆ ಮುಖ ನೋಡುತ್ತ ಎರಡು ಮಾತು. ಬೇರೆ ಬೋಧಕರು ಗೊಣಗಿದರು, ಇದೆಂಥ ಪದ್ಧತಿ ಎಂದು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡ ಸಭೆ ಅವನಿಗೆ ಎಲ್ಲೂ ಕೂಡಲಿಲ್ಲ. ಆದರೆ ಬಿಟ್ಟುಬಂದ ಊರುಗಳಿಂದ ಕಾಗದ ಬರುತ್ತಿದ್ದವು. ಸೋಪತ್ತೆಯ ಮೊಮ್ಮಗಳೂ ಬರೆದಳು.

ಹೋದ ವರ್ಷ ಅವನು ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಅವಳ ಕೈ ಹಿಡಿದು, ಅಂಗೈಯ ಹಳೇ ಕಲೆಯ ಮೇಲೆ ಹೆಬ್ಬೆರಳು ಆಡಿಸುತ್ತ, “ಈಗ ನೀನು ಹೇಳು” ಅಂದ.

“ನಂಗೆ ಎಲ್ಲಿ ಬರುತ್ತೆ ರೀ?”

“ಚಿಕ್ಕದು ಸಾಕು.”

ಅವಳು ಅವನ ಮುಖ ನೋಡುತ್ತ ಅಂದಳು: “ಕರ್ತನೇ, ಇವರನ್ನ ಕೊಟ್ಟೆಯಲ್ಲ, ಸ್ತೋತ್ರ.” ಅವನು ನಕ್ಕ. ಸಣ್ಣಗೆ, ತುಟಿಯ ಒಂದೇ ಬದಿಗೆ. ಆಮೇಲೆ ಅವನು ನಗಲಿಲ್ಲ, ಮಾತಾಡಲಿಲ್ಲ. ಸಂಜೆಯೊಳಗೆ ಹೋದ. ಅವಳು ಕಣ್ಣು ಮುಚ್ಚಿಕೊಂಡಿದ್ದರೆ ಆ ನಗು ತಪ್ಪಿಹೋಗುತ್ತಿತ್ತು.

ಮಣ್ಣು ಮಾಡುವ ದಿನ ಎಳೇ ವಯಸ್ಸಿನ ಬೋಧಕರೊಬ್ಬರು ಬಂದು ಉದ್ದ ಪ್ರಾರ್ಥನೆ ಮಾಡಿದರು. ಎಲ್ಲರೂ ಕಣ್ಣು ಮುಚ್ಚಿ ನಿಂತರು. ಅವಳು ಮುಚ್ಚಲಿಲ್ಲ. ಅವನ ಅಂಗಿಯನ್ನು ಬೆಳಿಗ್ಗೆ ಅವಳೇ ಇಸ್ತ್ರಿ ಮಾಡಿದ್ದಳು. ಮೊದಲು ಕಾಲರ್, ಆಮೇಲೆ ಹೆಗಲು, ಆಮೇಲೆ ತೋಳು. ಎಡತೋಳಿನಲ್ಲಿ ಒಂದು ಸುಕ್ಕು ಉಳಿದದ್ದು ಈಗ ಕಂಡಿತು. ಬಗ್ಗಿ, ಆ ಕಲೆಯ ಅಂಗೈಯಿಂದಲೇ ಅದನ್ನು ಮೆಲ್ಲಗೆ ಸವರಿದಳು.