ಕೆರೆ ಕೆಳಗಿನ ಪಾಲಿಗೆ ಹಾಕಿದ ಉಪ್ಪು

ಭಾಗ ಆದಾಗ ಕೆರೆ ಕೆಳಗಿನ ಕಪ್ಪು ಎರೆಭೂಮಿ ನನ್ನ ಮೈದುನನಿಗೆ ಹೋಯ್ತು, ದಿಬ್ಬದ ಮೇಲಿನ ಕೆಂಪು ಮಣ್ಣಿನ ತೋಟ ನಮಗೆ ಬಂತು. ನನಗೆ ಹೊಟ್ಟೆ ಉರಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳೋಣ ಅಂದರೆ ನಾಲಗೆ ಏಳುವುದಿಲ್ಲ. ಆ ಎರೆ ಒಂದು ಹದ ಮಳೆ ಬಿದ್ದರೆ ತಿಂಗಳುಗಟ್ಟಲೆ ತೇವ ಹಿಡಿದುಕೊಂಡಿರುತ್ತಿತ್ತು. ನಮ್ಮದು ಮರಳು ಬೆರೆತ ನೆಲ. ಹಾಕಿದ ಗೊಬ್ಬರದ ಸಾರವೆಲ್ಲ ನಾಲ್ಕು ಮಳೆಗೆ ಇಳಿದು ಹೋಗುತ್ತಿತ್ತು. ಅದಕ್ಕೇ ಬೇಸಿಗೆ ಬಂತೆಂದರೆ ಬತ್ತಿದ ಕೆರೆಯಿಂದ ಗಾಡಿಗಟ್ಟಲೆ ಗೋಡುಮಣ್ಣು ಹೊಡೆಸಿ ತೆಂಗಿನ ಬುಡಕ್ಕೆ ಹಾಕಿಸಬೇಕು. ಅವರಿಗೆ ಆ ಕಷ್ಟವಿಲ್ಲ, ಅವರ ಹೊಲವೇ ಗೋಡು. ಸ್ಕೂಲು ಮೇಷ್ಟ್ರಾಗಿದ್ದ ನಮ್ಮ ಯಜಮಾನರು, "ಬುಡು, ಬೆಳೆದ ಮರ ನಮಗೆ ಬಂದವೆ, ಅವನಿಗೆ ಬಂದಿರೋದು ಬರೀ ನೆಲ" ಎಂದು ಸುಮ್ಮನಾದರು. ನಾನು ಮನಸ್ಸಿನೊಳಗೆ ಸುಮ್ಮನಾಗಲಿಲ್ಲ. ಬಾಯಿ ಮಾತ್ರ ಬಿಡಲಿಲ್ಲ.

ಮೈದುನನ ಹೆಂಡತಿ, ನನ್ನ ಓರಗಿತ್ತಿ, ನನಗಿಂತ ಹತ್ತು ವರ್ಷ ಚಿಕ್ಕವಳು. ದಬ್ಬೇಘಟ್ಟದ ಕಡೆ ಗದ್ದೆ ಬಯಲಲ್ಲಿ ಬೆಳೆದವಳು, ತೆಂಗಿನ ಕೆಲಸ ಅಷ್ಟಾಗಿ ತಿಳಿಯದು. ನಾನು ಹೇಳಿದ್ದೇ ಅವಳಿಗೆ ವೇದವಾಕ್ಯ. ದಿನಾ ಸಾಯಂಕಾಲ ಲೋಟ ಹಿಡಿದು ಹಿತ್ತಲ ಬಾಗಿಲಿಗೆ ಬಂದು ಹೆಪ್ಪಿಗೆ ಮಜ್ಜಿಗೆ ಒಯ್ಯುತ್ತಿದ್ದಳು. ಅವಳ ಮನೆಯಲ್ಲೇನು ಮಜ್ಜಿಗೆ ಇರಲಿಲ್ಲವೇ? "ನಿಮ್ಮ ಹೆಪ್ಪಿಗೆ ಮೊಸರು ಗಟ್ಟಿ ಆಯ್ತದೆ ಅಕ್ಕ" ಅನ್ನುವಳು. ಹತ್ತು ನಿಮಿಷ ಮಾತಾಡಿ ಹೋಗಲು ಅದೊಂದು ನೆವ. ನನಗೂ ಅವಳು ಬರದಿದ್ದರೆ ಸಂಜೆ ಕಳೆಯುತ್ತಿರಲಿಲ್ಲ.

ಎರೆಯಲ್ಲಿ ಅವರು ಅರವತ್ತು ತೆಂಗಿನ ಸಸಿ ಇಟ್ಟರು. ಮಾರನೆಯ ವರ್ಷ ಅವಳು, "ಬುಡಕ್ಕೆ ಏನು ಹಾಕೋದು ಅಕ್ಕ?" ಅಂತ ಕೇಳಿದಳು.

"ಮುಂಗಾರಿಗೆ ಮುಂಚೆ ಸಸಿಗೊಂದು ಸೇರು ಕಲ್ಲುಪ್ಪು ಹಾಕು ಕಣೇ. ತೆಂಗು ಸಮುದ್ರದ ಕಡೆ ಮರ, ಉಪ್ಪು ಬೇಕು ಅದಕ್ಕೆ" ಅಂದೆ.

ಇದು ನಾನು ಹುಟ್ಟಿಸಿಕೊಂಡು ಹೇಳಿದ ಮಾತಲ್ಲ. ನಮ್ಮತ್ತೆ ವರ್ಷವರ್ಷವೂ ದಿಬ್ಬದ ತೋಟಕ್ಕೆ ಹಾಕುತ್ತಿದ್ದರು, ನಾನೂ ಹಾಕುತ್ತಿದ್ದೆ, ಮರಗಳು ಗೊನೆ ಹೊತ್ತು ನಿಂತಿದ್ದವು. ಮೊದಲ ಸಲದ ಉಪ್ಪನ್ನು ನಮ್ಮ ಮೂಟೆಯಿಂದಲೇ ಕೊಟ್ಟೆ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತದೆ ಅಂತ ಕುಕ್ಕೆಯನ್ನು ನೆಲಕ್ಕಿಟ್ಟೆ, ಅವಳು ಎತ್ತಿಕೊಂಡಳು. ಶಾಸ್ತ್ರದಲ್ಲಿ ನಾನೇನೂ ಕಮ್ಮಿ ಮಾಡಲಿಲ್ಲ.

ಮೂರನೆಯ ವರ್ಷಕ್ಕೆ ಸಸಿಗಳ ಗರಿ ತುದಿಯಿಂದ ಕರಕಾಗುತ್ತಾ ಬಂದವು. ಉಪ್ಪು ಸಾಲದೇನೋ ಅಂತ ಅವಳು ಎರಡೆರಡು ಸೇರು ಹಾಕಿದಳು. ಆಮೇಲೆ ಮಳೆ ಬಂದರೆ ಪಾತಿಯಲ್ಲಿ ನೀರು ವಾರಗಟ್ಟಲೆ ಬಗ್ಗಡವಾಗಿ ನಿಲ್ಲುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ. ಒಣಗಿದ ಮೇಲೆ ಗುದ್ದಲಿ ಹಾಕಿದರೆ ಬಂಡೆಗೆ ಹಾಕಿದ ಹಾಗೆ ಸದ್ದು. ಅರ್ಧಕ್ಕರ್ಧ ಸಸಿ ಹೋದವು. ಮೈದುನ ತಿಪಟೂರಿಗೆ ನಮ್ಮ ಕೊಬ್ಬರಿ ಹಾಕಲು ಹೋದಾಗ ಅಲ್ಲಿ ಯಾರೋ ಹಿರಿಯರು, "ಎರೆಗೆ ಯಾರಾದ್ರೂ ಉಪ್ಪು ಹಾಕ್ತಾರೇನಯ್ಯ? ಯಾವ ಪುಣ್ಯಾತ್ಮರು ಹೇಳಿದ್ದು?" ಅಂದರಂತೆ.

ಅವತ್ತಿನಿಂದ ಲೋಟ ಬರಲಿಲ್ಲ. ಪಕ್ಕದ ಬೀದಿಯಿಂದ ಹೆಪ್ಪು ತರುತ್ತಿದ್ದಾಳೆ ಅಂತ ಗೊತ್ತಾಯಿತು. "ಎರೆ ತಮಗೆ ಬರಲಿಲ್ಲ ಅನ್ನೋ ಸಂಕಟ ಅಕ್ಕಂಗೆ, ಅದಕ್ಕೇ ಹೀಗೆ ಮಾಡಿದ್ರು" ಅಂತ ಅಂದಳೆಂದೂ ಕಿವಿಗೆ ಬಿತ್ತು. ಕೋಪ ನೆತ್ತಿಗೇರಿತು. ಹಾಲು ಉಕ್ಕಿ ಒಲೆ ಆರಿದ್ದೂ ಗೊತ್ತಾಗಲಿಲ್ಲ. ಸುಳ್ಳಾಗಿದ್ದರೆ ಹೋಗಿ ಜಗಳ ಆಡಿ ಬರುತ್ತಿದ್ದೆ. ಸಂಕಟ ಇದ್ದದ್ದು ನಿಜವೇ, ಎಲ್ಲಿಗೆ ಹೋಗಿ ಜಗಳ ಆಡಲಿ?

ಕೊನೆಗೆ ಎರಡೂ ತೋಟದ ಮಣ್ಣನ್ನು ಬೇರೆಬೇರೆ ಚೀಲದಲ್ಲಿ ಕಟ್ಟಿಕೊಂಡು, ಯಜಮಾನರ ಜೊತೆ ಬಸ್ಸು ಹತ್ತಿ ಮಣ್ಣು ಪರೀಕ್ಷೆ ಮಾಡುವ ಕಡೆಗೆ ಹೋದೆ. ಅಲ್ಲಿದ್ದ ಆಫೀಸರು ಇವರ ಹಳೇ ಶಿಷ್ಯ. ಎರಡು ಗಾಜಿನ ಆಲಿಕೆಗೆ ಒಂದೊಂದು ಮಣ್ಣು ತುಂಬಿ, ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧಿಯನ್ನು ನೀರಿಗೆ ಬೆರೆಸಿ ಸುರಿದ. ನಮ್ಮ ಕೆಂಪು ಮಣ್ಣಿನಿಂದ ನೇರಳೆ ನೀರೇ ಕೆಳಗೆ ಬಂತು. ಎರೆಯಿಂದ ಬಹಳ ಹೊತ್ತಿನ ಮೇಲೆ ಒಂದೊಂದೇ ಹನಿ ಬಂತು, ಅದರಲ್ಲಿ ಬಣ್ಣವೇ ಇರಲಿಲ್ಲ.

"ನೋಡಿ ಅಮ್ಮ, ಎರೆಯ ಕಣ ತೀರಾ ಸಣ್ಣದು, ತೆಳ್ಳನೆ ಹಾಳೆ ಜೋಡಿಸಿಟ್ಟಂಗೆ ಇರ್ತದೆ. ಬಂದಿದ್ದನ್ನ ಆ ಹಾಳೆ ಮೈಗೆ ಅಂಟಿಸಿಕೊಳ್ತದೆ. ಗೊಬ್ಬರದ ಸಾರ ನಿಲ್ಲೋದು ಅದರಿಂದಲೇ, ಉಪ್ಪಿನ ಸೋಡಿಯಂ ನಿಲ್ಲೋದೂ ಅದರಿಂದಲೇ. ನಿಮ್ಮ ಕೆಂಪು ನೆಲದಾಗೆ ಮಳೆ ತೊಳಕೊಂಡು ಹೋಗ್ತದೆ. ಇಲ್ಲಿ ಸೋಡಿಯಂ ಸುಣ್ಣದಂಶವನ್ನ ಓಡಿಸಿ ಅದರ ಜಾಗದಲ್ಲಿ ಕೂತುಬಿಟ್ಟಿದೆ. ಆಮೇಲೆ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ಸಂದೆಲ್ಲ ಮುಚ್ಚಿಕೊಳ್ತವೆ, ನೀರಿಗೆ ದಾರಿ ಇರಲ್ಲ."

"ನೀರು ಕಟ್ಟಿ ತೊಳೆದರೆ?" ಅಂದೆ.

"ಬರೀ ನೀರಿಗೆ ಬಿಡಲ್ಲ. ಜಾಗಕ್ಕೆ ಇನ್ನೊಂದು ಬಂದರೆ ಬಿಡ್ತದೆ. ಜಿಪ್ಸಂ ಹಾಕಿ. ಅದರಲ್ಲಿರೋ ಸುಣ್ಣದಂಶ ಸೋಡಿಯಂನ ಎಬ್ಬಿಸಿ ತಾನು ಕೂರ್ತದೆ. ಎದ್ದಿದ್ದು ಆಚೆ ಹೋಗಕ್ಕೆ ಬಸಿಗಾಲುವೆ ಹೊಡೀಬೇಕು. ಒಂದೇ ಮಳೆಗಾಲಕ್ಕೆ ಆಗೋ ಕೆಲಸ ಅಲ್ಲ."

ಊರಿಗೆ ಬಂದವಳೇ ಚೀಲವನ್ನೂ ಇಳಿಸದೆ ನೇರ ಅವಳ ಬಾಗಿಲಿಗೆ ಹೋದೆ. ಮೈದುನ ಜಗಲಿ ಮೇಲೆ ಕೂತಿದ್ದ, ಅವಳು ಹೊಸಿಲಿನಲ್ಲಿ ನಿಂತಿದ್ದಳು. ಕೇಳಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದೇ ಅಂತಲೂ ಹೇಳಿದೆ. ಅವಳು ಜಿಪ್ಸಂ ವಿಚಾರ ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ಹಿಂಗಾಯ್ತದೆ ಅಂತ ನಿಮಗೆ ಗೊತ್ತಿತ್ತಾ ಅಕ್ಕ?" ಅಂತ ಕೇಳಿದಳು.

"ಇಲ್ಲ ಕಣೇ. ನನ್ನ ಮಕ್ಕಳಾಣೆಗೂ ಗೊತ್ತಿರಲಿಲ್ಲ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಕೂತುಕೊಳ್ಳಿ ಅನ್ನಲಿಲ್ಲ.

ಮೈದುನ ಜಿಪ್ಸಂ ತರಿಸಿ ಹಾಕಿದ, ಹಳ್ಳದ ಕಡೆಗೆ ಬಸಿಗಾಲುವೆ ಹೊಡೆದ. ಎರಡು ಮಳೆಗಾಲ ಕಳೆದು ಮೂರನೆಯದಕ್ಕೆ ಪಾತಿಯ ನೀರು ಇಂಗತೊಡಗಿತು. ಸತ್ತ ಸಸಿಗಳ ಜಾಗಕ್ಕೆ ಹೊಸದಾಗಿ ಇಟ್ಟರು. ಆ ವರ್ಷ ಒಂದು ಸಾಯಂಕಾಲ ಹಿತ್ತಲ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಳು. "ಯಾರ ಹೆಪ್ಪು ಹಾಕಿದ್ರೂ ಮೊಸರು ನೀರಾಯ್ತದೆ ಅಕ್ಕ" ಅಂದಳು. ಮಜ್ಜಿಗೆ ಬಗ್ಗಿಸುವಾಗ ಅವಳ ಮುಖವನ್ನೇ ನೋಡುತ್ತಾ ಅರ್ಧ ನೆಲಕ್ಕೆ ಚೆಲ್ಲಿಬಿಟ್ಟೆ. ಅವಳಿಗೆ ನಗು ಬಂತು, ನನಗೆ ಅಳು ಬಂತು.

ಮಕ್ಕಳ ಮೇಲೆ ಆಣೆ ಹಾಕಿದ್ದು ಸುಳ್ಳಲ್ಲ, ಉಪ್ಪು ಹೀಗೆ ಮಾಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆದರೆ ಎರಡನೆಯ ವರ್ಷವೇ, ಅವರಿಬ್ಬರೂ ಗಮನಿಸುವುದಕ್ಕೆ ಮುಂಚೆ, ಕೆರೆ ಏರಿ ಮೇಲೆ ಬರುವಾಗ ಆ ಗರಿಗಳ ತುದಿ ಕಪ್ಪಾಗಿದ್ದನ್ನು ನೋಡಿದ್ದೆ. ಪಾತಿಯಲ್ಲಿ ನೀರು ನಿಂತದ್ದನ್ನೂ ನೋಡಿದ್ದೆ. ಒಳಗೆಲ್ಲೋ ಹಾಯೆನಿಸಿತು. ಅವತ್ತು ಸಾಯಂಕಾಲವೂ ಅವಳು ಲೋಟ ಹಿಡಿದು ಬಂದಿದ್ದಳು, ಹೆಪ್ಪು ಕೊಟ್ಟು ಕಳಿಸಿದೆ, ಅದರ ಮಾತೆತ್ತಲಿಲ್ಲ. ಅವಳು ಕೇಳಿದ್ದು "ಗೊತ್ತಿತ್ತಾ" ಅಂತ. "ನೋಡಿದ್ರಾ" ಅಂತ ಕೇಳಲಿಲ್ಲ.